ಡ್ರಮ್ಮರ್ ಇಲ್ಲದ ಬ್ಯಾಂಡಿನ ಬೆನ್ನು ಹತ್ತಿ

ಗುರುವಾರ, ಗ್ರಂಥಾಲಯ

ಪ್ಯಾರಿಸ್‌ನ ರಾಷ್ಟ್ರೀಯ ಗ್ರಂಥಾಲಯಕ್ಕೆ ಟೊಪ್ಪಿ ಹಾಕಿಕೊಂಡು ಹೋಗಬಾರದು, ಹಾರಿಹೋಗುತ್ತದೆ. ಸೇನ್ ನದಿಯ ದಂಡೆಯಲ್ಲಿ ದೊಡ್ಡದೊಂದು ಮರದ ಹಲಗೆಯ ಜಗಲಿ. ಅದರ ನಾಲ್ಕು ಮೂಲೆಗೆ ನಾಲ್ಕು ಗಾಜಿನ ಗೋಪುರ. ತೆರೆದು ನಿಲ್ಲಿಸಿದ ಪುಸ್ತಕದಂತೆ ಕಾಣಲಿ ಅಂತ ವಾಸ್ತುಶಿಲ್ಪಿ ಡೊಮಿನಿಕ್ ಪೆರೋ ಹೀಗೆ ಕಟ್ಟಿದ್ದಾರೆ. ಗೋಪುರಗಳ ನಡುವೆ ಗಾಳಿ ನುಗ್ಗುವ ರಭಸಕ್ಕೆ ಎದುರಿಂದ ಬರುವವರೆಲ್ಲ ಬಗ್ಗಿಕೊಂಡೇ ನಡೆಯುತ್ತಾರೆ. 1995ರಲ್ಲಿ ಉದ್ಘಾಟನೆಯಾದ ಈ ಕಟ್ಟಡಕ್ಕೆ ಅಧ್ಯಕ್ಷ ಫ್ರಾಂಸ್ವಾ ಮಿತೆರಾಂ ಹೆಸರಿಟ್ಟಿದ್ದಾರೆ. 1981ರಿಂದ 14 ವರ್ಷ ದೇಶ ಆಳಿದವರು.

ನಾನು ಬಂದಿದ್ದು ಅದೇ ಮಿತೆರಾಂ ಕಾಲದಲ್ಲಿ ಪೊಲೀಸರನ್ನೂ ಸೈನ್ಯವನ್ನೂ ಸರ್ಕಾರವನ್ನೂ ಬಾಯ್ತುಂಬ ಬೈದು ಹಾಡಿದ ಒಂದು ಪಂಕ್, ಅಂದರೆ ಒರಟು ರಾಕ್ ಸಂಗೀತದ, ಬ್ಯಾಂಡಿನ ಕಾಗದಪತ್ರ ನೋಡೋಕೆ. ಹೆಸರು ಬೆರೂರಿಯೆ ನ್ವಾರ್. ಅಭಿಮಾನಿಗಳ ಬಾಯಲ್ಲಿ ಸುಮ್ನೆ 'ಬೆರೂ'ಗಳು. 2021ರಲ್ಲಿ ಈ ಬ್ಯಾಂಡಿನ ಸಂಗ್ರಹ ಗ್ರಂಥಾಲಯಕ್ಕೆ ದಾನವಾಗಿ ಬಂತು. 2024ರ ಫೆಬ್ರವರಿ ಕೊನೆಯಿಂದ ಏಪ್ರಿಲ್ ಕೊನೆಯವರೆಗೆ ಅದರಲ್ಲಿ ಕೆಲವನ್ನು ಆರಿಸಿ ಪ್ರದರ್ಶನಕ್ಕಿಟ್ಟಿದ್ದರು. ಪ್ರದರ್ಶನದ ಹೆಸರಿನ ಅರ್ಥ 'ಸತ್ತೂ ಇಲ್ಲ'. ಮುಗಿಯೋಕೆ ಇನ್ನು ಸ್ವಲ್ಪವೇ ದಿನ ಇದೆ ಅನ್ನುವಾಗ ನಾನು ಬಂದು ಮುಟ್ಟಿದೆ.

ಉಳಿದುಕೊಂಡಿದ್ದು ಮೋಂತ್ರಯ್‌ನಲ್ಲಿ, ಚಿಕ್ಕಮ್ಮನ ಮಗಳ ಮನೆಯಲ್ಲಿ. ನಾನು ಅಕ್ಕ ಅಂತಲೇ ಕರೆಯೋದು. ಸಾಗರದ ಕಡೆಯವರು, ಇಲ್ಲಿ ಬಂದು ನೆಲೆಸಿ ವರ್ಷಗಳಾದವು. ಬೆಳಿಗ್ಗೆ ಹೊರಡುವಾಗ ಭಾವ ಕೇಳಿದರು, "ಎಂಥ ಮಾರಾಯ, ಐಫೆಲ್ ಟವರ್ ಬಿಟ್ಟು ಲೈಬ್ರರಿಗೆ ಹೋಗ್ತೀಯಾ? ಅದಕ್ಕೆ ಇಷ್ಟು ದೂರ ಬರಬೇಕಿತ್ತಾ?" ಮೆಟ್ರೋ 9ರಲ್ಲಿ ನಾಸಿಯೋಂವರೆಗೆ, ಅಲ್ಲಿಂದ 6, ಬೆರ್ಸಿಯಲ್ಲಿ 14. ದಾರಿ ಮಾತ್ರ ಅವರೇ ಬರೆದುಕೊಟ್ಟರು.

ಒಳಗೆ ಪೋಸ್ಟರು, ಕರಪತ್ರ, ಪತ್ರ, ನೋಟ್‌ಪುಸ್ತಕ, ಫೋಟೋ. ನಾನು ಜಾಸ್ತಿ ಹೊತ್ತು ನಿಂತಿದ್ದು ಕರಪತ್ರಗಳ ಮುಂದೆ. ಕಂಪ್ಯೂಟರ್ ಇಲ್ಲದ ಕಾಲದ ಕೆಲಸ ಅದು. ಪತ್ರಿಕೆಯಿಂದ ಚಿತ್ರ ಕತ್ತರಿಸಿ, ಅಂಟಿಸಿ, ಪಕ್ಕದಲ್ಲಿ ಪೆನ್ನಿನಲ್ಲಿ ಜಾಗ, ಹೊತ್ತು ಬರೆದು ಜೆರಾಕ್ಸ್ ಹೊಡೆಸೋದು. ಹತ್ತಿರ ಬಗ್ಗಿ ನೋಡಿದರೆ ಅಂಟಿಸಿದ ತುಂಡಿನ ಅಂಚಿಗೆ ತೆಳ್ಳನೆ ಬೂದು ಗೆರೆ ಕಾಣುತ್ತದೆ. ಕಾಗದ ಎದ್ದುಕೊಂಡಿದ್ದ ಕಡೆ ನೆರಳು ಬಿದ್ದು, ಜೆರಾಕ್ಸ್ ಯಂತ್ರ ಅದನ್ನೂ ಹಿಡಿದುಕೊಂಡಿದೆ. ಜೆರಾಕ್ಸಿನ ಜೆರಾಕ್ಸ್ ತೆಗೆದಾಗ ಮುಖಗಳು ಬರೀ ಕಪ್ಪು ಬಿಳುಪಿನ ಮಚ್ಚೆ ಆಗಿಬಿಡುತ್ತವೆ. ಗೋಡೆಗೆ ಹಚ್ಚಿ ಮಾರನೇ ದಿನ ಮಳೆಗೆ ಹೋಗಬೇಕಾಗಿದ್ದ ಕಾಗದ. ಈಗ ಗಾಜಿನ ಒಳಗೆ, ಮಂದ ಬೆಳಕಿನಲ್ಲಿದೆ.

ಇದನ್ನೆಲ್ಲ ಯಾರು ಎತ್ತಿಟ್ಟಿದ್ದರು? ಉತ್ತರದಲ್ಲೇ ಅರ್ಧ ಕಥೆ ಇದೆ. ಬ್ಯಾಂಡಿನ ಹಾಡುಗಾರ ಫಾಂಫಾಂ, ಅಂದರೆ ಫ್ರಾಂಸ್ವಾ ಗಿಯೆಮೋ, ಆಮೇಲೆ ಇತಿಹಾಸಕಾರರಾದರು. ವಿಯೆಟ್ನಾಂ ಇತಿಹಾಸ ಅವರ ವಿಷಯ. ಲಿಯೋಂ ನಗರದಲ್ಲಿ ಏಷ್ಯಾ ಅಧ್ಯಯನದ ಸಂಸ್ಥೆಯಲ್ಲಿ ಸಂಶೋಧಕರಾಗಿ ಕೆಲಸ ಮಾಡಿದವರು, ವಿಯೆಟ್ನಾಂ ಬಗ್ಗೆ ದಪ್ಪ ದಪ್ಪ ಪುಸ್ತಕ ಬರೆದವರು. ಕಾಗದದ ಬೆಲೆ ಗೊತ್ತಿದ್ದ ಮನುಷ್ಯ. ಅವರ ಜೊತೆ ದಾನಕ್ಕೆ ಕೈ ಹಾಕಿದವರು ಸ್ಯಾಕ್ಸೊಫೋನ್ ನುಡಿಸುತ್ತಿದ್ದ ಮಾಸ್ತೊ, ಅಂದರೆ ತೋಮಾಸ್ ಹೋಯರ್. ಅವರು ಛಾಯಾಗ್ರಾಹಕ. ಒಬ್ಬರು ಕಾಗದ ಕಾಯುವವರು, ಇನ್ನೊಬ್ಬರು ಫೋಟೋ ಕಾಯುವವರು. ಅದೇ ಕಾಲದ ಬೇರೆ ಎಷ್ಟೋ ಬ್ಯಾಂಡುಗಳಿಗೆ ಈ ಭಾಗ್ಯ ಇರಲಿಲ್ಲ.

ಸರ್ಕಾರವನ್ನು ಬೈದವರು ಸರ್ಕಾರದ್ದೇ ಗ್ರಂಥಾಲಯಕ್ಕೆ ಹೋಗಿ ಕೂರಬಹುದಾ ಅಂತ ಕೇಳುವವರಿದ್ದಾರೆ. ನನಗೇನೂ ತಪ್ಪು ಕಾಣಲಿಲ್ಲ. ಫ್ರಾನ್ಸ್‌ನಲ್ಲಿ ಅಚ್ಚಾದ ಪುಸ್ತಕದ ಪ್ರತಿ ರಾಜನ ಸಂಗ್ರಹಕ್ಕೆ ಕೊಡಬೇಕು ಅನ್ನೋ ನಿಯಮ 1537ರಲ್ಲೇ ಬಂತು. ರೆಕಾರ್ಡುಗಳೂ ಆಮೇಲೆ ಅದರಲ್ಲಿ ಸೇರಿದವು. ಬೈದ ಹಾಡೂ ಹೊಗಳಿದ ಹಾಡೂ ಒಂದೇ ಕಪಾಟಿಗೆ ಹೋಗುತ್ತವೆ. ಯಾರೂ ಕೊಡದಿದ್ದರೆ ಉಳಿಯುತ್ತಿದ್ದದ್ದು ಬರೀ ಪೊಲೀಸರ ಕಡತ, ಅಷ್ಟೇ.

ಶುಕ್ರವಾರ, ಬೆಲ್‌ವಿಲ್

ಮಂಗಳವಾರ ಮತ್ತು ಶುಕ್ರವಾರ ಬೆಳಿಗ್ಗೆ ಬೆಲ್‌ವಿಲ್ ಬುಲೆವಾರ್ಡಿನಲ್ಲಿ ಸಂತೆ. ಪ್ಯಾರಿಸ್ ಅಂದರೆ ಸುಗಂಧದ ಅಂಗಡಿ ಅಂದುಕೊಂಡವರು ಒಮ್ಮೆ ಇಲ್ಲಿಗೆ ಬರಬೇಕು. ಪುದೀನ, ಕೊತ್ತಂಬರಿ, ಕೊಳೆತ ಕಿತ್ತಳೆ, ಮೀನು ಎಲ್ಲದರ ವಾಸನೆ ಒಟ್ಟಿಗೇ ಬರುತ್ತದೆ. ಅರಬ್ಬಿಯಲ್ಲಿ ಕೂಗುವವರು, ಚೀನೀಯಲ್ಲಿ ಚೌಕಾಸಿ ಮಾಡುವವರು. ಅಕ್ಕ ಹೇಳಿದ್ದಕ್ಕೆ ಎರಡು ಕಟ್ಟು ಕೊತ್ತಂಬರಿ ತಗೊಂಡು ಚೀಲಕ್ಕೆ ತುರುಕಿದೆ. ದಿನವಿಡೀ ಪಂಕ್ ಇತಿಹಾಸ ಹುಡುಕುತ್ತ ಕೊತ್ತಂಬರಿ ವಾಸನೆ ಹೊತ್ತು ತಿರುಗಿದ್ದು ಹೀಗೆ.

ಸಂತೆಯಿಂದ ಮೇಲಕ್ಕೆ ಹತ್ತಿದರೆ ಪಾಲಿಕಾವ್ ಬೀದಿ. 1860ರಲ್ಲಿ ಬೀಜಿಂಗ್ ಹತ್ತಿರ ಫ್ರೆಂಚರೂ ಬ್ರಿಟಿಷರೂ ಸೇರಿ ಚೀನೀ ಸೈನ್ಯವನ್ನು ಸೋಲಿಸಿದ ಯುದ್ಧದ ಹೆಸರು ಅದು. ಇವತ್ತು ಅದೇ ಪಾಲಿಕಾವ್ ಬೀದಿಯ ಸುತ್ತ ಚೀನೀ ಅಂಗಡಿಗಳೇ ತುಂಬಿವೆ. ಇತಿಹಾಸಕ್ಕೆ ಇಂಥ ತಮಾಷೆ ಇಷ್ಟ ಅಂತ ಕಾಣುತ್ತದೆ.

1980ರ ಸುಮಾರಿಗೆ ಪ್ಯಾರಿಸ್‌ನ ಈ ಈಶಾನ್ಯ ಮೂಲೆ ಪಾಳುಬಿದ್ದಿತ್ತು. ಕಾರ್ಖಾನೆಗಳು ಮುಚ್ಚಿದ್ದವು. ಹಳೆ ಮನೆಗಳನ್ನು ಕೆಡವಿ ಹೊಸದು ಕಟ್ಟುವ ಯೋಜನೆಗಾಗಿ ಜನರನ್ನು ಎಬ್ಬಿಸುತ್ತಿದ್ದರು. ಎಬ್ಬಿಸಿದ ದಿನಕ್ಕೂ ಕೆಡವುವ ದಿನಕ್ಕೂ ನಡುವೆ ತಿಂಗಳು, ವರ್ಷ ಹಿಡಿಯುತ್ತಿತ್ತು. ಆ ನಡುವಿನ ಕಾಲದಲ್ಲಿ ಹುಡುಗರು, ಕಲಾವಿದರು ಬೀಗ ಒಡೆದು ಒಳಗೆ ಹೋಗಿ ಇರುತ್ತಿದ್ದರು. ಇದನ್ನೇ ಸ್ಕ್ವಾಟ್ ಅನ್ನೋದು. ಪಾಲಿಕಾವ್ ಬೀದಿಯ ಒಂದು ಖಾಲಿ ಕಾರ್ಖಾನೆಯೂ ಹೀಗೇ ಸ್ಕ್ವಾಟ್ ಆಯಿತು. ಚಿತ್ರ, ನಾಟಕ, ಸಂಗೀತ ಎಲ್ಲ ನಡೆಯುತ್ತಿತ್ತು. ಊರಿನ ಕ್ಲಬ್ಬುಗಳು ಒಳಗೆ ಬಿಡದ ಬ್ಯಾಂಡುಗಳಿಗೆ ಅದೇ ರಂಗಮಂದಿರ.

ಮೊದಲು 'ಲೆ ಬೆರೂರಿಯೆ' ಅಂತ ಒಂದು ಗುಂಪು ಇತ್ತು. ಫ್ರೆದೆರಿಕ್ ದಾರ್ ಬರೆದ ಸಾನ್ ಆಂತೋನಿಯೊ ಪತ್ತೇದಾರಿ ಕಾದಂಬರಿಗಳಲ್ಲಿ ಬೆರೂರಿಯೆ ಅನ್ನುವ ದಪ್ಪ ಹೊಟ್ಟೆಯ, ಕೊಳಕು ಬಾಯಿಯ ಇನ್‌ಸ್ಪೆಕ್ಟರ್ ಬರುತ್ತಾನೆ. ಆ ಹೆಸರನ್ನೇ ಎತ್ತಿಕೊಂಡಿದ್ದರು. ಗುಂಪು ಒಡೆಯಿತು. ಉಳಿದವರು ಹಾಡುಗಾರ ಫಾಂಫಾಂ ಮತ್ತು ಗಿಟಾರ್ ಲೋರಾನ್, ಇಬ್ಬರೇ. 1983ರ ಫೆಬ್ರವರಿ 19ರಂದು ಇದೇ ಕಾರ್ಖಾನೆಯಲ್ಲಿ ಸತ್ತ ಗುಂಪಿಗೆ ತಿಥಿ ಮಾಡೋಣ ಅಂತ ಒಂದು ಕಾರ್ಯಕ್ರಮ ಇಟ್ಟುಕೊಂಡರು. ದುಃಖದ ಗುರುತಿಗೆ ಹೆಸರಿನ ಪಕ್ಕ 'ನ್ವಾರ್', ಕಪ್ಪು ಅಂತ ಸೇರಿಸಿದರು. ಕಾರ್ಯಕ್ರಮ ಎಷ್ಟು ಚೆನ್ನಾಗಿ ಆಯಿತೆಂದರೆ ತಿಥಿ ಊಟವೇ ನಾಮಕರಣದ ಊಟ ಆಯಿತು.

ಡ್ರಮ್ ಬಾರಿಸುವವರು ಇರಲಿಲ್ಲ. ಡ್ರಮ್ ಸೆಟ್ಟಿಗೆ ಜಾಗ ಬೇಕು, ವ್ಯಾನ್ ಬೇಕು, ಬಾರಿಸೋಕೆ ಇನ್ನೊಬ್ಬ ಬೇಕು. ತಾನೇ ತಾಳ ಹಾಕುವ ಯಂತ್ರ, ಒಂದು ರಿದಂ ಬಾಕ್ಸ್ ಇಟ್ಟುಕೊಂಡರು. ಅದಕ್ಕೆ ದೆದೆ ಅಂತ ಮುದ್ದಿನ ಹೆಸರು ಕೊಟ್ಟು ಬ್ಯಾಂಡಿನ ಸದಸ್ಯನೇ ಮಾಡಿಬಿಟ್ಟರು. ಪೊಲೀಸರು ಬಂದರೆ ಪೆಟ್ಟಿಗೆ ಎತ್ತಿಕೊಂಡು ಓಡಬಹುದು ಅಲ್ವಾ? ಇದು ನನ್ನ ಊಹೆ, ಆದರೆ ಸ್ಕ್ವಾಟಿನ ಬದುಕಿಗೆ ಅದಕ್ಕಿಂತ ಒಗ್ಗುವ ವಾದ್ಯ ನನಗಂತೂ ಹೊಳೆಯುವುದಿಲ್ಲ.

ಕಾರ್ಖಾನೆ ಈಗಿಲ್ಲ. ಆಗಲೇ ಕೆಡವಿದರು. ಬೀದಿಯಲ್ಲಿ ಸಾಧಾರಣ ಅಪಾರ್ಟ್‌ಮೆಂಟುಗಳು, ಬಾಲ್ಕನಿಯಲ್ಲಿ ಒಣಗಲು ಹಾಕಿದ ಬಟ್ಟೆ. ಇಲ್ಲಿ ಏನಾಗಿತ್ತು ಅಂತ ಹೇಳುವ ಫಲಕ ಹುಡುಕಿದೆ, ನನ್ನ ಕಣ್ಣಿಗೆ ಬೀಳಲಿಲ್ಲ. ಒಬ್ಬ ಅಜ್ಜಿ ಗಾಲಿಚೀಲ ಎಳೆದುಕೊಂಡು ಬರುತ್ತಿದ್ದರು. ನನ್ನ ಹರಕು ಫ್ರೆಂಚಿನಲ್ಲಿ ಕೇಳಿದೆ. "ಕಾರ್ಖಾನೆಯಾ? ಇಲ್ಲಿ ಎಲ್ಲ ಕಡೆ ಕಾರ್ಖಾನೆಗಳೇ ಇದ್ದವು" ಅಂದು ಮುಂದೆ ಹೋದರು.

ಮೇಲೆ ಬೆಲ್‌ವಿಲ್ ಪಾರ್ಕ್. 1988ರಲ್ಲಿ ತೆರೆದದ್ದು. ಮೆಟ್ಟಿಲು ಹತ್ತಿ ತುದಿಗೆ ಹೋದರೆ ಇಡೀ ಪ್ಯಾರಿಸ್ ಕೆಳಗೆ ಕಾಣುತ್ತದೆ, ದೂರದಲ್ಲಿ ಐಫೆಲ್ ಟವರೂ. ಫೋಟೋ ತೆಗೆದು ಭಾವನಿಗೆ ಕಳಿಸಿದೆ. ಸಾಲ ತೀರಿತು.

ಶನಿವಾರ, ನದಿಯ ಎಡದಂಡೆ

ಒದೆಯೋಂ ಮೆಟ್ರೋ ಹತ್ತಿರ ಪಿಯೆರ್ ಸಾರಾಜಾಂ ಅನ್ನೋ ಪುಟ್ಟ ಬೀದಿ ಇದೆ. 1980ರಲ್ಲಿ ಇಲ್ಲಿ ನ್ಯೂ ರೋಸ್ ಅನ್ನುವ ರೆಕಾರ್ಡ್ ಅಂಗಡಿ ತೆರೆಯಿತು. ಇಂಗ್ಲೆಂಡಿನ ದಿ ಡ್ಯಾಮ್ಡ್ ಬ್ಯಾಂಡಿನ ಮೊದಲ ಹಾಡಿನ ಹೆಸರೇ ಅಂಗಡಿಗೆ. ಊರೂರಿನ ಪಂಕ್ ಹುಡುಗರು ಶನಿವಾರ ಬಂದು ಸೇರುತ್ತಿದ್ದ ಜಾಗ. ಅಂಗಡಿ 1990ರ ದಶಕದಲ್ಲೇ ಮುಚ್ಚಿತು. ಅದಕ್ಕೂ ಮೊದಲು ಲೆ ಆಲ್ ಕಡೆ ಮಾರ್ಕ್ ಝೆರ್ಮಾತಿ ನಡೆಸುತ್ತಿದ್ದ ಓಪನ್ ಮಾರ್ಕೆಟ್ ಅನ್ನುವ ರೆಕಾರ್ಡ್ ಅಂಗಡಿ ಇತ್ತು. ಯುರೋಪಿನ ಮೊದಲ ಪಂಕ್ ಉತ್ಸವ 1976ರ ಆಗಸ್ಟಿನಲ್ಲಿ ನಡೆದದ್ದು ಲಂಡನ್‌ನಲ್ಲಿ ಅಲ್ಲ, ಫ್ರಾನ್ಸಿನ ನೈರುತ್ಯದ ಮೋಂ ದ ಮಾರ್ಸಾನ್ ಅನ್ನೋ ಸಣ್ಣ ಊರಲ್ಲಿ. ಅದನ್ನು ಆಗಮಾಡಿದ್ದೂ ಇದೇ ಝೆರ್ಮಾತಿ. ಪಂಕ್ ಅಂದ ಕೂಡಲೇ ಎಲ್ಲರೂ ಲಂಡನ್ ಹೆಸರು ಹೇಳ್ತಾರೆ. ಫ್ರೆಂಚರಿಗೆ ಇದರ ಬಗ್ಗೆ ಸ್ವಲ್ಪ ಹೊಟ್ಟೆಯುರಿ ಇದ್ದರೆ ಅದು ನ್ಯಾಯವೇ.

ಅಲ್ಲಿಂದ ನಾಲ್ಕು ಹೆಜ್ಜೆ ನಡೆದರೆ ಮೊಸ್ಯೂ ಲ ಪ್ರಾಂಸ್ ಬೀದಿ. 20ನೇ ನಂಬರಿನ ಮುಂದೆ ಪಾದಚಾರಿ ದಾರಿಯಲ್ಲಿ, ನೆಲದಲ್ಲೇ ಒಂದು ಫಲಕ ಹುಗಿದಿದ್ದಾರೆ. ಮಾಲಿಕ್ ಉಸ್ಸೆಕಿನ್, ವಿದ್ಯಾರ್ಥಿ, 22 ವರ್ಷ. 1986ರ ಡಿಸೆಂಬರ್. ವಿಶ್ವವಿದ್ಯಾಲಯದ ಪ್ರವೇಶ ನಿಯಮ ಬದಲಿಸುವ ದೆವಾಕೆ ಮಸೂದೆಯ ವಿರುದ್ಧ ವಿದ್ಯಾರ್ಥಿಗಳು ಬೀದಿಗಿಳಿದಿದ್ದರು. ಮೋಟಾರ್‌ಸೈಕಲ್ ಮೇಲೆ ಬಂದು ಲಾಠಿ ಬೀಸುವ ಪೊಲೀಸ್ ತಂಡವನ್ನು ಬಿಟ್ಟಿದ್ದರು. ಮಾಲಿಕ್ ಮೆರವಣಿಗೆಗೆ ಬಂದವನೇ ಅಲ್ಲ. ಡಿಸೆಂಬರ್ 6ರ ನಡುರಾತ್ರಿ ಜಾಝ್ ಕ್ಲಬ್ಬಿನಿಂದ ಮನೆಗೆ ಹೋಗುತ್ತಿದ್ದ. ಅವನನ್ನು ಅಟ್ಟಿಸಿಕೊಂಡು ಬಂದು ಈ ಕಟ್ಟಡದ ಬಾಗಿಲೊಳಗೆ ಹೊಡೆದು ಕೊಂದರು. ಎರಡು ದಿನಕ್ಕೆ ಮಸೂದೆ ವಾಪಸ್ ಹೋಯಿತು. ಮೋಟಾರ್‌ಸೈಕಲ್ ತಂಡವನ್ನು ವಿಸರ್ಜಿಸಿದರು. 1990ರಲ್ಲಿ ಇಬ್ಬರು ಪೊಲೀಸರಿಗೆ ಶಿಕ್ಷೆ ಆಯಿತು, ಆದರೆ ಇಬ್ಬರೂ ಜೈಲಿಗೆ ಹೋಗಬೇಕಾಗಲಿಲ್ಲ.

ಈ ಫಲಕದ ಮುಂದೆ ನಿಂತಾಗ ಬೆರೂಗಳ ಹಾಡಿನಲ್ಲಿರುವ ಸಿಟ್ಟು ಎಲ್ಲಿಂದ ಬಂತು ಅಂತ ಸಲೀಸಾಗಿ ಅರ್ಥ ಆಗುತ್ತದೆ. 1981ರಲ್ಲಿ ಎಡಪಕ್ಷ ಗೆದ್ದಾಗ ಜನ ಬೀದಿಯಲ್ಲಿ ಕುಣಿದಿದ್ದರು. ಅದೇ ವರ್ಷ ಖಾಸಗಿ ರೇಡಿಯೋಗಳಿಗೆ ಕಾನೂನಿನ ಒಪ್ಪಿಗೆ ಸಿಕ್ಕಿತು. ಈ ಬ್ಯಾಂಡುಗಳ ಹಾಡು ಮೊದಲು ಕೇಳಿಸಿದ್ದು ಆ ಪುಟ್ಟ ರೇಡಿಯೋಗಳಲ್ಲೇ. ಆಮೇಲೆ ಉದ್ಯೋಗ ಸಿಗಲಿಲ್ಲ, ಕಾರ್ಖಾನೆ ಮುಚ್ಚಿದವು. ಲೆ ಪೆನ್ ಅವರ ಬಲಪಂಥೀಯ ಪಕ್ಷ ಫ್ರೋಂ ನಾಸಿಯೊನಾಲ್ 1984ರ ಯುರೋಪಿಯನ್ ಚುನಾವಣೆಯಲ್ಲಿ ಸುಮಾರು ಶೇಕಡಾ 11 ಮತ ತಗೊಂಡಿತು. 1986ರಲ್ಲಿ ಸಂಸತ್ತಿಗೆ 35 ಜನರನ್ನು ಕಳಿಸಿತು. ಬೆರೂಗಳು ಹಾಡಿದ್ದು ಹುಚ್ಚಾಸ್ಪತ್ರೆಯವರ ಬಗ್ಗೆ, ಜೈಲಿನವರ ಬಗ್ಗೆ, ವಲಸೆ ಬಂದವರ ಬಗ್ಗೆ. 'ಸಾಲು ಆ ತ್ವಾ' ಅನ್ನುವ ಹಾಡಂತೂ ಪೂರ್ತಿ ನಮಸ್ಕಾರವೇ. ಕಾಂಬೋಡಿಯಾದ ಖ್ಮೇರ್ ಜನರಿಗೆ, ಅಲ್ಜೀರಿಯಾದವರಿಗೆ, ಬಾಂಗ್ಲಾದೇಶಕ್ಕೆ, ಹೀಗೆ ಲೋಕವೆಲ್ಲ ಸುತ್ತಿ ಒಬ್ಬೊಬ್ಬರಿಗೂ ಒಂದೊಂದು ಸಲಾಂ. ಬೈಗುಳದ ಬ್ಯಾಂಡಿನ ಅತ್ಯಂತ ಪ್ರಸಿದ್ಧ ಹಾಡುಗಳಲ್ಲಿ ಇದೂ ಒಂದು, ಇದರಲ್ಲಿ ಯಾರಿಗೂ ಬೈದಿಲ್ಲ.

ಸಂಜೆ ಬಾಸ್ತೀಲ್ ಹತ್ತಿರದ ಒಂದು ರೆಕಾರ್ಡ್ ಅಂಗಡಿಗೆ ಹೋದೆ. ಅಂಗಡಿಯವನಿಗೆ ಐವತ್ತು ದಾಟಿರಬೇಕು. ಬೆರೂಗಳ 1985ರ 'ಕೊಂಚೆರ್ತೊ ಪೂರ್ ದೆತ್ರಾಕೆ' ರೆಕಾರ್ಡ್ ಕೇಳಿದೆ. ನನ್ನ ಮುಖ ನೋಡಿ, ಇಂಡಿಯಾದಿಂದ ಇದಕ್ಕೆ ಬಂದಿದ್ದಾ ಅಂತ ನಕ್ಕ. ಹೆಡ್‌ಫೋನ್ ಕೊಟ್ಟು ಹಾಕಿದ.

ಕೇಳಿದ ಮೇಲೆ ದೆದೆಯ ಬಗ್ಗೆ ನನ್ನ ಮಾತು ಇಷ್ಟು. ಮನುಷ್ಯ ಡ್ರಮ್ ಬಾರಿಸಿದರೆ ಹುರುಪು ಬಂದಾಗ ವೇಗ ಏರುತ್ತದೆ, ಸುಸ್ತಾದಾಗ ಇಳಿಯುತ್ತದೆ, ಹಾಡಿನ ಸಾಲು ಮುಗಿದ ಕಡೆ ಒಂದು ಉರುಳಿಕೆ ಬರುತ್ತದೆ. ದೆದೆಗೆ ಅದೆಲ್ಲ ಗೊತ್ತಿಲ್ಲ. ಊರಿನ ಹಳೆ ಹಿಟ್ಟಿನ ಗಿರಣಿಯ ಡೀಸೆಲ್ ಇಂಜಿನ್ ಟುಕ್ ಟುಕ್ ಅಂತ ಮೈಲಿ ದೂರಕ್ಕೆ ಕೇಳುತ್ತಿತ್ತಲ್ಲ, ಹಾಗೆ ಒಂದೇ ಸಮ. ಅದು ನಿಲ್ಲಲ್ಲ ಅಂತ ಗೊತ್ತಿರೋದರಿಂದ ಲೋರಾನ್ ಗಿಟಾರ್ ಅದರ ಮೇಲೆ ಬಿದ್ದುಬಿದ್ದು ಬಡಿಯುತ್ತದೆ. ಫಾಂಫಾಂ ಹಾಡೋದು ಕಡಿಮೆ, ಘೋಷಣೆ ಕೂಗೋದು ಜಾಸ್ತಿ. ಮಧ್ಯೆ ಮಾಸ್ತೊನ ಸ್ಯಾಕ್ಸೊಫೋನ್ ಮದುವೆ ಮನೆಗೆ ಕುಡಿದು ಬಂದ ನೆಂಟನಂತೆ ನುಗ್ಗುತ್ತದೆ. ಸಭಿಕರು ಒಟ್ಟಿಗೇ ಕೂಗೋಕೆ ಅನುಕೂಲವಾದ ವೇಗ. ಅದೇ ದಶಕದಲ್ಲಿ ಹೈಮಾತ್ ಲೋಸ್, ಕ್ರೊಮೊಝೊಮ್ 4 ತರಹದ ಫ್ರೆಂಚ್ ಬ್ಯಾಂಡುಗಳು ಅಮೆರಿಕದ ಹಾರ್ಡ್‌ಕೋರ್ ದಾರಿ ಹಿಡಿದು ಉಸಿರು ಬಿಡದ ವೇಗಕ್ಕೆ ಹೋದವು. ಬೆರೂಗಳು ಆ ದಾರಿಗೆ ಹೋಗಲಿಲ್ಲ. ಮೆರವಣಿಗೆಯ ನಡಿಗೆಯಲ್ಲೇ ಉಳಿದರು.

ಯಂತ್ರದ ಯೋಚನೆ ಇವರದ್ದೇ ಮೊದಲು ಅಂತಲೂ ಅಲ್ಲ. 1970ರ ದಶಕದ ಕೊನೆಯಲ್ಲೇ ಮೆತಾಲ್ ಉರ್ಬಾಂ ಅನ್ನೋ ಪ್ಯಾರಿಸ್ ಬ್ಯಾಂಡು ರಿದಂ ಬಾಕ್ಸ್ ಮತ್ತು ಸಿಂಥಸೈಜರ್ ಇಟ್ಟುಕೊಂಡು ಪಂಕ್ ಮಾಡಿತ್ತು. ಲಂಡನ್‌ನ ರಫ್ ಟ್ರೇಡ್ ಕಂಪನಿ ಹೊರತಂದ ಮೊಟ್ಟಮೊದಲ ರೆಕಾರ್ಡು ಅವರದ್ದೇ, 1978ರ 'ಪಾರಿ ಮಾಕಿ'. ಅಂಗಡಿಯವನಿಗೆ ಇದನ್ನು ಹೇಳಿದಾಗ ಬೆಲೆಯಲ್ಲಿ ಸ್ವಲ್ಪ ಬಿಟ್ಟ. ಸ್ವಲ್ಪವೇ.

ಭಾನುವಾರ, ಒಲಂಪಿಯಾ

ಬೆಳಿಗ್ಗೆ ಪೋರ್ತ್ ದ ಮೋಂತ್ರಯ್‌ನ ಹಳೆ ಸಾಮಾನಿನ ಸಂತೆ ಸುತ್ತಿದೆ. ಚಾರ್ಜರು, ಹಳೆ ಜಾಕೆಟ್ಟು, ಜೋಡಿ ತಪ್ಪಿದ ಶೂ. ರೆಕಾರ್ಡ್ ಏನೂ ಸಿಗಲಿಲ್ಲ. ಮೋಂತ್ರಯ್‌ನಲ್ಲೂ 1980ರ ದಶಕದ ನಡುವೆ 'ಲುಝಿನ್', ಅಂದರೆ ಕಾರ್ಖಾನೆ, ಅಂತಲೇ ಹೆಸರಾದ ಇನ್ನೊಂದು ಸ್ಕ್ವಾಟ್ ಇತ್ತು. ಭಾವನಿಗೆ ಇದನ್ನು ಹೇಳಿದಾಗ ಅವರ ಯೋಚನೆ ಬೇರೆ ಕಡೆ ಹೋಯಿತು. "ಈಗ ಇಲ್ಲಿ ಒಂದು ರೂಮಿನ ಬಾಡಿಗೆ ಎಷ್ಟು ಗೊತ್ತುಂಟಾ? ಆಗ ಬೀಗ ಒಡೆದವರೇ ಜಾಣರು ಮಾರಾಯ."

ಮಧ್ಯಾಹ್ನ ಕಾಪುಸೀನ್ ಬುಲೆವಾರ್ಡ್. ಕೆಂಪು ದೀಪದ ದೊಡ್ಡ ಅಕ್ಷರಗಳಲ್ಲಿ ಒಲಂಪಿಯಾ. 1893ರಲ್ಲಿ ಶುರುವಾದ ಸಂಗೀತ ಮಂದಿರ. ಗಾಯಕಿ ಎದಿತ್ ಪಿಯಾಫ್ ಹಾಡಿ ದಿವಾಳಿಯಿಂದ ಉಳಿಸಿದ್ದು ಇದನ್ನೇ. 1964ರಲ್ಲಿ ಬೀಟಲ್ಸ್ ಇಲ್ಲಿ ವಾರಗಟ್ಟಲೆ ನುಡಿಸಿದ್ದರು. ಸುಮಾರು 2,000 ಜನ ಹಿಡಿಯುತ್ತದೆ.

ಪಾಲಿಕಾವ್‌ನಿಂದ ಇಲ್ಲಿಗೆ ಬರೋಕೆ ಬೆರೂಗಳಿಗೆ ಹತ್ತಿರ ಹತ್ತಿರ ಏಳು ವರ್ಷ ಹಿಡಿಯಿತು. ದೊಡ್ಡ ಕಂಪನಿ ಸೇರಿ ಬಂದದ್ದಲ್ಲ. ರೆಕಾರ್ಡು ಹೊರತಂದಿದ್ದು ಬಾಂಡಾಜ್ ಅನ್ನುವ ಗೆಳೆಯರ ಪುಟ್ಟ ಕಂಪನಿ. ಮ್ಯಾನೇಜರ್ ಮಾರ್ಸು ಅದರಲ್ಲಿದ್ದ. ಮುಂದೆ ಕಿಡ್ ಲೋಕೊ ಅಂತ ಹೆಸರಾದ ಸಂಗೀತಗಾರನೂ ಇದ್ದ. ವೇದಿಕೆ ಮೇಲೆ ಇಬ್ಬರು ಇದ್ದದ್ದು ಹೋಗಿ ಒಂದು ಸರ್ಕಸ್ಸೇ ಸೇರಿಕೊಂಡಿತು. ಕೆಂಪು ಮೂಗು, ಹಂದಿ ಮುಖವಾಡ, ಬೆಂಕಿ ಉಗುಳುವವರು, ಕೋರಸ್ ಹಾಡುವ ಹುಡುಗಿಯರು. ಲುಕ್ರಾತ್ ಮಿಲ್ಕ್ ಅನ್ನುವ ಇನ್ನೊಂದು ಕಿಲಾಡಿ ಬ್ಯಾಂಡು ಒಡೆದಾಗ ಅಲ್ಲಿಂದ ಮಾಸ್ತೊ ಬಂದ. ಎಲ್ನೊ ಕೂಡ ಕೆಲ ಕಾಲ ಜೊತೆಗಿದ್ದ, ಆಮೇಲೆ ಲೆ ನೆಗ್ರೆಸ್ ವೆರ್ತ್ ಬ್ಯಾಂಡಿನ ಹಾಡುಗಾರನಾಗಿ ದೇಶಕ್ಕೆಲ್ಲ ಗೊತ್ತಾದ. ಮುಖವಾಡದ ಬಗ್ಗೆ ಒಂದು ಮಾತು. ಹಂದಿ ಮುಖವಾಡ ಹಾಕಿಕೊಂಡವನ ಪೋಸ್ಟರನ್ನು ಯಾರೂ ಮಲಗುವ ಕೋಣೆಯಲ್ಲಿ ಅಂಟಿಸಿಕೊಳ್ಳಲ್ಲ. ಸ್ಟಾರ್ ಆಗದೇ ಇರೋಕೆ ಇದಕ್ಕಿಂತ ಒಳ್ಳೆ ಉಪಾಯ ಸಿಗುತ್ತಿರಲಿಲ್ಲ.

ಆದರೂ ಸ್ಟಾರ್ ಆಗಿಬಿಟ್ಟರು. 1988ರಲ್ಲಿ ಲಾ ವಿಲೆತ್‌ನ ಝೆನಿತ್‌ನಂಥ ದೊಡ್ಡ ಮಂದಿರ ತುಂಬುವಷ್ಟು. ಅದೇ ಸುಮಾರಿಗೆ ಮಾನೊ ನೆಗ್ರಾ ತರಹದ ಜೊತೆಗಾರರು ವರ್ಜಿನ್‌ನಂಥ ದೊಡ್ಡ ಕಂಪನಿಗಳಿಗೆ ಸಹಿ ಹಾಕಿದರು. ಬೆರೂಗಳು ಹಾಕಲಿಲ್ಲ. ನಿಲ್ಲಿಸಿಬಿಡೋಣ ಅಂದರು. ಕೊನೆಯ ಕಾರ್ಯಕ್ರಮಗಳು ಇದೇ ಒಲಂಪಿಯಾದಲ್ಲಿ, 1989ರ ನವೆಂಬರ್ 9, 10, 11. ಮೊದಲ ದಿನ ಅವರು ಇಲ್ಲಿ ನುಡಿಸುತ್ತಿದ್ದ ಅದೇ ರಾತ್ರಿ ಬರ್ಲಿನ್ ಗೋಡೆ ತೆರೆಯಿತು. ಕಾದಂಬರಿಯಲ್ಲಿ ಬರೆದರೆ ಇದು ಅತಿಯಾಯಿತು ಅಂತೀವಿ. ಆ ಮೂರು ರಾತ್ರಿಯ ಧ್ವನಿಮುದ್ರಣ ಮರುವರ್ಷ 'ವಿವಾ ಬೆರ್ತಾಗಾ' ಅಂತ ಬಂತು. ನನ್ನ ಮಟ್ಟಿಗೆ ಅವರ ಒಳ್ಳೆಯ ರೆಕಾರ್ಡ್ ಅದೇ. ಸ್ಟುಡಿಯೋದಲ್ಲಿ ಸಣಕಲಾಗಿದ್ದ ಹಾಡುಗಳಿಗೆ ಎರಡು ಸಾವಿರ ಗಂಟಲು ಸೇರಿ ಮೈ ತುಂಬಿಕೊಂಡಿದೆ.

'ಪೊರ್ಶ್‌ರಿ' ಹಾಡಿನಲ್ಲಿ ಆ ಗಂಟಲುಗಳು ಒಂದು ಘೋಷಣೆ ಕೂಗುತ್ತವೆ. ಫ್ರೋಂ ನಾಸಿಯೊನಾಲ್ ಪಕ್ಷಕ್ಕೆ ದೇಶದ ಯುವಕರ ಕಡೆಯಿಂದ ಒಂದು ಬೈಗುಳ. ಅಜ್ಜ ಅಜ್ಜಿ ಮುಂದೆ ಹೇಳುವಂಥದ್ದಲ್ಲ. ಬ್ಯಾಂಡು ನಿಂತರೂ ಘೋಷಣೆ ನಿಲ್ಲಲಿಲ್ಲ. 2002ರ ಏಪ್ರಿಲ್ 21ರಂದು ಲೆ ಪೆನ್ ಅಧ್ಯಕ್ಷ ಚುನಾವಣೆಯ ಎರಡನೇ ಸುತ್ತಿಗೆ ಬಂದಾಗ ಬೀದಿಗಿಳಿದ ಹುಡುಗರು ಕೂಗಿದ್ದೂ ಅದನ್ನೇ. ನಾನು ಒಲಂಪಿಯಾ ಮುಂದೆ ನಿಂತಿದ್ದ ಭಾನುವಾರವೂ ಏಪ್ರಿಲ್ 21.

ಹಳೆ ಗೋಡೆ ಮುಟ್ಟಿ ನೋಡುವ ಅಂದುಕೊಂಡು ಹೋದವರಿಗೆ ಇಲ್ಲೂ ಕೈಗೆ ಸಿಗೋದು ಬೇರೆಯೇ. 1990ರ ದಶಕದಲ್ಲಿ ಈ ಜಾಗದಲ್ಲಿ ಹೊಸ ಕಟ್ಟಡ ಏಳಿಸಲು ಹೊರಟಾಗ ಒಲಂಪಿಯಾ ಹೋಗೇಬಿಡುತ್ತಿತ್ತು. ಸಂಸ್ಕೃತಿ ಮಂತ್ರಿ ಜಾಕ್ ಲಾಂಗ್ 1993ರಲ್ಲಿ ರಕ್ಷಣೆ ಕೊಟ್ಟರು. ಕೊನೆಗೆ ಕೆಡವಿ, ಕೆಲವು ಮೀಟರ್ ಪಕ್ಕಕ್ಕೆ ಹಳೆಯದರ ತದ್ರೂಪ ಕಟ್ಟಿ 1997ರಲ್ಲಿ ತೆರೆದರು. ಬೆರೂಗಳು ನಿಂತಿದ್ದ ವೇದಿಕೆಯೂ ಕಾರ್ಖಾನೆಯ ಹಾದಿಯನ್ನೇ ಹಿಡಿದಿದೆ.

ರಾತ್ರಿ ಊಟಕ್ಕೆ ಕೂತಾಗ ಅಕ್ಕನ ಮಗ, ಹೈಸ್ಕೂಲು ಹುಡುಗ, ನನ್ನ ರೆಕಾರ್ಡ್ ತಿರುಗಿಸಿ ತಿರುಗಿಸಿ ನೋಡಿದ. ಅವನಿಗೆ ಬ್ಯಾಂಡಿನ ಹೆಸರು ಗೊತ್ತಿರಲಿಲ್ಲ. ಘೋಷಣೆ ಗೊತ್ತಿತ್ತು. "ಮಾಮ, ಅದು ಇವರದ್ದಾ? ಅದು ಯಾರದ್ದೂ ಅಲ್ಲ ಅಂದ್ಕೊಂಡಿದ್ದೆ" ಅಂದ. ಅಕ್ಕ ಅವನ ತಟ್ಟೆಗೆ ಇನ್ನೊಂದು ಸೌಟು ಕೊತ್ತಂಬರಿ ಚಟ್ನಿ ಹಾಕಿ, "ಮೊದಲು ಊಟ ಮಾಡು, ಕ್ರಾಂತಿ ಆಮೇಲೆ" ಅಂದಳು.

ಸೋಮವಾರ, ರೆನ್

ಮೋಂಪಾರ್ನಾಸ್‌ನಿಂದ ರೈಲು ಹತ್ತಿದರೆ ಬ್ರಿಟನಿಯ ರಾಜಧಾನಿ ರೆನ್‌ಗೆ ಒಂದೂವರೆ ಗಂಟೆ. ಮಳೆ ಬರುತ್ತಿತ್ತು. ಬ್ರಿಟನಿಯಲ್ಲಿ ಮಳೆ ಸುದ್ದಿಯೇ ಅಲ್ಲವಂತೆ.

ಸೇಂ ಲೂಯಿ ಬೀದಿಯಲ್ಲಿ ಸಾಲ್ ದ ಲಾ ಸಿತೆ ಅನ್ನೋ ಮಂದಿರ. ಒಂದು ಕಾಲದಲ್ಲಿ ಕಾರ್ಮಿಕ ಸಂಘಗಳ ಮನೆ. 1979ರ ಜೂನ್‌ನಲ್ಲಿ ಟ್ರಾನ್ಸ್ ಮ್ಯೂಸಿಕಾಲ್ ಉತ್ಸವ ಶುರುವಾದದ್ದು ಇಲ್ಲೇ. ಹೆಸರಿಲ್ಲದ ಬ್ಯಾಂಡುಗಳನ್ನು ಕರೆಸಿ ಹೆಸರು ಮಾಡಿಸುವ ಉತ್ಸವ ಅಂತ ಇದಕ್ಕೆ ಖ್ಯಾತಿ. ಒಲಂಪಿಯಾದಲ್ಲಿ ವಿದಾಯ ಹೇಳಿದ ಬೆರೂಗಳು 2003ರ ಡಿಸೆಂಬರಿನಲ್ಲಿ ಮತ್ತೆ ವೇದಿಕೆ ಹತ್ತಿದ್ದೂ ರೆನ್‌ನ ಇದೇ ಉತ್ಸವದಲ್ಲಿ. 2006ರವರೆಗೆ ನಡೆಸಿ ಮತ್ತೆ ನಿಲ್ಲಿಸಿದರು. ಮರಳಿ ಬಂದಿದ್ದು ನನಗೆ ಅಷ್ಟೇನೂ ಹಿಡಿಸಲಿಲ್ಲ. ಅಷ್ಟು ಚೆನ್ನಾಗಿ ಮುಗಿಸಿದ ಮೇಲೆ ಮತ್ತೆ ಯಾಕೆ? ಆದರೆ 1989ರಲ್ಲಿ ಇನ್ನೂ ಹುಟ್ಟದೇ ಇದ್ದವರು, ತೊಟ್ಟಿಲಲ್ಲಿದ್ದವರು ನನ್ನ ಮಾತು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ.

ನನಗೆ ಹೆಚ್ಚು ಇಷ್ಟವಾದದ್ದು ಆಮೇಲಿನ ಕಥೆ. ಗಿಟಾರಿನ ಲೋರಾನ್ 2006ರಲ್ಲಿ ಬ್ರಿಟನಿಯ ಗೆಳೆಯರ ಜೊತೆ ಲೆ ರಾಮೊನೋರ್ ದ ಮೆನಿರ್ ಅನ್ನೋ ಬ್ಯಾಂಡು ಕಟ್ಟಿದರು. ಅದರಲ್ಲಿ ಬಾಂಬಾರ್ಡ್ ಇದೆ. ಊದಿದರೆ ಕಿವಿ ತೂತಾಗುವಷ್ಟು ಜೋರಿನ, ನಮ್ಮ ಶಹನಾಯಿ ಜಾತಿಯ ವಾದ್ಯ. ಬಿನಿಯು ಇದೆ, ಚೀಲದ ಪುಂಗಿ. ಒಬ್ಬರು ಒಂದು ಸಾಲು ಹಾಡಿದರೆ ಇನ್ನೊಬ್ಬರು ಅದರ ಕೊನೆಯ ತುದಿ ಹಿಡಿದು ಮುಂದುವರಿಸುವ ಬ್ರಿಟನಿ ಕಡೆಯ ಹಾಡುಗಾರಿಕೆ ಇದೆ. ಊರ ಹಬ್ಬದಲ್ಲಿ ಜನ ಕಿರುಬೆರಳು ಹಿಡಿದು ಸಾಲಾಗಿ ಕುಣಿಯುವ ಸಂಗೀತ ಅದು. ಇದರಲ್ಲೂ ಡ್ರಮ್ಮರ್ ಇಲ್ಲ. ರಿದಂ ಬಾಕ್ಸ್ ಇದೆ.

ಊರಿನ ಹಳೆ ಭಾಗದಲ್ಲಿ ಒಂದು ಕೆಫೆಗೆ ಮಳೆ ತಪ್ಪಿಸಿಕೊಳ್ಳಲು ಹೊಕ್ಕೆ. ಬಡಿಸುವ ಹುಡುಗಿಗೆ ಲೋರಾನ್ ಹೆಸರು ಹೇಳಿದೆ. ಅವಳಿಗೆ ರಾಮೊನೋರ್ ಗೊತ್ತು, ತನ್ನ ಹಳ್ಳಿಯ ಹಬ್ಬಕ್ಕೆ ಬಂದಿದ್ದರಂತೆ. "ನಮ್ಮಜ್ಜಿಯೂ ಕುಣಿದಳು, ನಾನೂ ಕುಣಿದೆ" ಅಂದಳು. ಪ್ಯಾರಿಸ್‌ನಲ್ಲಿ ಇವರ ಬೆನ್ನು ಹತ್ತಿ ಹೋದ ಕಡೆಯೆಲ್ಲ ನೋಡೋಕೆ ಬಂದವನು ನಾನೊಬ್ಬನೇ. ಇಲ್ಲಿ ಅಜ್ಜಿಯೇ ಕುಣಿದಿದ್ದಾಳೆ.

ಮಂಗಳವಾರ ಬೆಳಿಗ್ಗೆ ವಾಪಸ್ ರೈಲು. ಹೇಳುವಂಥದ್ದು ಏನೂ ಆಗಲಿಲ್ಲ, ಪೂರ್ತಿ ನಿದ್ದೆ.

ಜೂನ್, ಊರಿಗೆ ಬಂದ ಮೇಲೆ

ಜೂನ್ 9ರ ಯುರೋಪಿಯನ್ ಚುನಾವಣೆಯಲ್ಲಿ ರಾಸಂಬ್ಲಮಾಂ ನಾಸಿಯೊನಾಲ್ ಶೇಕಡಾ 31ಕ್ಕೂ ಹೆಚ್ಚು ಮತ ತಗೊಂಡು ಮೊದಲು ಬಂತು. ಹಳೆ ಫ್ರೋಂ ನಾಸಿಯೊನಾಲ್ ಪಕ್ಷವೇ ಅದು, 2018ರಲ್ಲಿ ಹೆಸರು ಬದಲಿಸಿಕೊಂಡಿದೆ. ಅದೇ ರಾತ್ರಿ ಅಧ್ಯಕ್ಷ ಮಾಕ್ರೋಂ ಸಂಸತ್ತು ವಿಸರ್ಜಿಸಿದರು. 15ನೇ ತಾರೀಖು ಶನಿವಾರ ಊರೂರಲ್ಲಿ ಮೆರವಣಿಗೆ. ಪೊಲೀಸರ ಲೆಕ್ಕಕ್ಕೆ ದೇಶದಲ್ಲೆಲ್ಲ ಎರಡೂವರೆ ಲಕ್ಷ ಜನ, ಸೆಜೆತೆ ಕಾರ್ಮಿಕ ಸಂಘದ ಲೆಕ್ಕಕ್ಕೆ ಆರು ಲಕ್ಷ ನಲವತ್ತು ಸಾವಿರ. ಈ ಎರಡು ಲೆಕ್ಕ ಯಾವತ್ತೂ ಹೊಂದಲ್ಲ, ಅದು ಅಲ್ಲಿನ ಪದ್ಧತಿ.

ಅಕ್ಕನ ಮಗ ವಿಡಿಯೋ ಕಳಿಸಿದ್ದ. ಪ್ಲಾಸ್ ದ ಲಾ ರೆಪ್ಯುಬ್ಲಿಕ್. ಹೆಚ್ಚಿನವರು ಒಲಂಪಿಯಾ ಕಾರ್ಯಕ್ರಮದ ಕಾಲಕ್ಕೆ ಹುಟ್ಟೇ ಇರದವರು. ಅದೇ ಬೈಗುಳ, ಅದೇ ಹಳೆ ಹೆಸರಿಗೆ. ಪಕ್ಷ ಹೆಸರು ಬದಲಿಸಿಕೊಂಡಿದ್ದನ್ನು ಘೋಷಣೆ ಲೆಕ್ಕಕ್ಕೇ ಇಟ್ಟಿಲ್ಲ.

ಸ್ವಲ್ಪ ಹೊತ್ತಿಗೆ ಅಕ್ಕನ ಫೋನ್ ಬಂತು. "ಏನೋ, ನೀನು ಬಂದು ಹೋದ ಮೇಲೆ ಇವನು ಪರೀಕ್ಷೆ ಹತ್ತಿರ ಬಂದ್ರೂ ಪುಸ್ತಕ ಮುಟ್ತಿಲ್ಲ. ಗಿಟಾರ್ ಬೇಕಂತೆ."

"ಕೊಡಿಸಕ್ಕ" ಅಂದೆ.

"ಗಿಟಾರ್ ಕೊಡಿಸಬಹುದು. ಆ ಟುಕ್ ಟುಕ್ ಪೆಟ್ಟಿಗೆ ಮಾತ್ರ ಬೇಡ, ಕೆಳಗಿನ ಮನೆಯವರು ಈಗಾಗಲೇ ಒಂದು ಸಲ ಬಂದು ಬಾಗಿಲು ಬಡಿದಿದ್ದಾರೆ."